ಎರಡೇ ಹಂತದ ರೇಷ್ಮೆ ಹುಳು

ನಮ್ಮ ಶಾಲೆಗೆ ಟಿವಿಯಂಥ ದೊಡ್ಡ ಪರದೆ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮಕ್ಕಳಿಗೆ ಚಾಕೊಲೇಟ್ ಹಂಚಿದೆವು. ಗುಮ್ಮಳಾಪುರದ ಕಡೆ, ಗಡಿಗೆ ಅಂಟಿಕೊಂಡು ತಮಿಳು ಸೀಮೆಗೆ ಸೇರಿದ ಸಣ್ಣ ಊರಿನ ಕನ್ನಡ ಮಾಧ್ಯಮದ ಶಾಲೆ ನಮ್ಮದು. ಒಂದರಿಂದ ಎಂಟರವರೆಗೆ ತರಗತಿಗಳು. ಪರದೆ ಯಾವುದೋ ಕಂಪನಿಯವರ ದಾನ. ಅದರೊಳಗೆ ವಿಜ್ಞಾನದ ಪಾಠಗಳೆಲ್ಲ ಇವೆ ಎಂದು ಜೋಡಿಸಲು ಬಂದವನು ಬೆರಳಿನಿಂದ ಮುಟ್ಟಿ ತೋರಿಸಿದ. ತಮಿಳಿನಲ್ಲಿತ್ತು. ಇಂಗ್ಲಿಷಿನಲ್ಲಿತ್ತು. ಕನ್ನಡ ಎಲ್ಲಿ ಎಂದು ಕೇಳಿದೆ. ಅವನು ಪರದೆಯನ್ನು ಎರಡು ಸಲ ಮೇಲಕ್ಕೆ ಕೆಳಕ್ಕೆ ಎಳೆದು ನೋಡಿ, "ನೆಕ್ಸ್ಟ್ ಅಪ್‌ಡೇಟಲ್ಲಿ ಬತ್ತದೆ ಮೇಡಂ" ಎಂದ.

ಬರಲಿಲ್ಲ.

ತಮಿಳಿನ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಉದ್ದನಪಲ್ಲಿಯಲ್ಲಿ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು. ಈಗ ಇರುವ ಅವಲಪಲ್ಲಿಯಲ್ಲೂ ಗೇಟಿನ ಒಳಗೆ ಒಂದು ಭಾಷೆ, ಹೊರಗೆ ಎರಡು. ನಮ್ಮ ಶಾಲೆಯ ಮಕ್ಕಳಿಗೂ ಮೂರೂ ಬರುತ್ತವೆ. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಪರದೆ ಹಚ್ಚಿದ ಕೂಡಲೇ ಮಕ್ಕಳು ಕೈಕಟ್ಟಿ ಕೂರುತ್ತಿದ್ದರು. ಹೃದಯ ಬಡಿಯುತ್ತಿತ್ತು, ಜ್ವಾಲಾಮುಖಿ ಸಿಡಿಯುತ್ತಿತ್ತು, ಗ್ರಹಗಳು ಸುತ್ತುತ್ತಿದ್ದವು, ನನ್ನ ಮಕ್ಕಳು ಮಾತ್ರ ಅಲ್ಲಾಡುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಏನಾದರೂ ಕೇಳುವುದಿದೆಯೇ ಎಂದರೆ, "ಇನ್ನೊಂದ್ ಸಲ ಹಾಕಿ ಮಿಸ್" ಎನ್ನುತ್ತಿದ್ದರು. ಹದಿನೆಂಟು ವರ್ಷ ಕಪ್ಪುಹಲಗೆಯ ಮುಂದೆ ಮಕ್ಕಳಿಂದ ಬೈಸಿಕೊಂಡು, ಅವರನ್ನು ಬೈದು, ಸೀಮೆಸುಣ್ಣ ಎಸೆದು ಪಾಠ ಮಾಡಿದವಳು ನಾನು. ಆ ಮೌನ ನನಗೆ ಸೇರಲಿಲ್ಲ.

ಅದೇ ವರ್ಷ ಕೃಷ್ಣಗಿರಿಯಲ್ಲಿ ಎರಡು ದಿನದ ತರಬೇತಿಗೆ ಹೋದೆ. ಅಲ್ಲಿ ಒಂದು ಉಚಿತ ಆ್ಯಪ್ ತೋರಿಸಿಕೊಟ್ಟರು. ಜೇಡಿಮಣ್ಣಿನ ಬೊಂಬೆಯನ್ನು ಒಂದು ಕೂದಲೆಳೆಯಷ್ಟು ಸರಿಸಿ ಫೋಟೊ ತೆಗೆಯಬೇಕು, ಮತ್ತೆ ಸರಿಸಿ ಮತ್ತೆ ತೆಗೆಯಬೇಕು. ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ಬೊಂಬೆ ತಾನೇ ನಡೆದಂತೆ ಕಾಣುತ್ತದೆ. ಅದರ ಮೇಲೆ ನಮ್ಮ ದನಿ ಸೇರಿಸಬಹುದು. ನಾನು ಒಂದು ಕಪ್ಪೆ ಮಾಡಿದೆ. ಅದನ್ನು ಹಾರಿಸಲು ಹೋದಾಗ ಕಪ್ಪೆಯ ಹಿಂಗಾಲು ಎಲ್ಲಿ ಮಡಚುತ್ತದೆ ಎಂಬುದೇ ನನಗೆ ಗೊತ್ತಿಲ್ಲ ಎಂದು ತಿಳಿಯಿತು. ಊಟದ ಬಿಡುವಿನಲ್ಲಿ ಹೊರಗೆ ಹೋಗಿ ತೊಟ್ಟಿಯ ಪಕ್ಕ ಕಪ್ಪೆ ಹುಡುಕುತ್ತಾ ನಿಂತೆ. ನಲವತ್ತೈದು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

ಕೊನೆಯಲ್ಲಿ ತರಬೇತಿಯವರು, "ಟೀಚರ್ಸ್ ಎಲ್ಲ ಮನೇಲಿ ಇಂಥ ವೀಡಿಯೊ ಮಾಡ್ಕೊಂಡು ಬಂದು ಕ್ಲಾಸಲ್ಲಿ ತೋರಿಸಿ" ಎಂದರು. ನಾನು ಎದ್ದು ನಿಂತು, "ಮಾಡಿದವರಿಗೆ ತಾನೇ ಕಲಿಯೋಕೆ ಸಿಗೋದು? ಅದನ್ನೂ ನಾವೇ ಮಾಡಿಬಿಟ್ಟರೆ ಮಕ್ಕಳಿಗೆ ಉಳಿಯೋದೇನು?" ಎಂದು ಕೇಳಿದೆ. ಅವರು ನಕ್ಕು, ಪ್ರಮಾಣಪತ್ರ ಕೊಟ್ಟು ಕಳಿಸಿದರು.

ಶಾಲೆಯಲ್ಲಿ ಒಂದು ಟ್ಯಾಬ್ ಇತ್ತು. ಹಾಜರಾತಿ, ಊಟದ ಲೆಕ್ಕ ಎಲ್ಲವನ್ನೂ ಮೇಲಕ್ಕೆ ಕಳಿಸಲು ಕೊಟ್ಟದ್ದು. ಉಳಿದ ಹೊತ್ತು ಅದು ಹೆಡ್‌ಮಾಸ್ಟರ ಬೀರುವಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತಿತ್ತು. ಹೆಡ್‌ಮಾಸ್ಟರು ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಆ ಎರಡು ವರ್ಷ ಏನೂ ಒಡೆಯದೆ ಕಳೆಯಲಿ ಎಂಬುದೊಂದೇ ಅವರ ಪ್ರಾರ್ಥನೆ.

"ಮಕ್ಳ ಕೈಗಾ? ಒಡೆದ್ಹಾಕಿದ್ರೆ ನಾನು ಯಾರ್ಗಮ್ಮ ಉತ್ತರ ಹೇಳ್ಲಿ?"

"ನಾನು ಹೇಳ್ತೀನಿ ಸಾರ್."

"ಪೊರುಪ್ಪು ನಿಮ್ದೇ ಅಂತ ಬರ್ದು ಕೊಡಿ ಹಂಗಾದ್ರೆ."

ಹೊಣೆ ನನ್ನದೇ ಎಂದು ಬರೆದು, ಸಹಿ ಹಾಕಿ, ಟ್ಯಾಬ್ ತೆಗೆದುಕೊಂಡು ಬಂದೆ.

ಎಂಟನೇ ತರಗತಿಯಲ್ಲಿ ಹದಿನಾಲ್ಕು ಮಕ್ಕಳಿದ್ದರು. ಮೂರು ಗುಂಪು ಮಾಡಿ, ಪುಸ್ತಕದ ಯಾವ ಪಾಠವನ್ನಾದರೂ ಆರಿಸಿಕೊಳ್ಳಿ, ಆದರೆ ಪುಸ್ತಕದ ಚಿತ್ರ ನಕಲು ಮಾಡುವ ಹಾಗಿಲ್ಲ ಎಂದೆ. ಒಂದು ಗುಂಪು ನೀರಿನ ಚಕ್ರ ಎಂದಿತು. ಇನ್ನೊಂದು ಸನ್ನೆಕೋಲು. ಮೂರನೆಯ ಗುಂಪಿನಿಂದ ಹಿಂದಿನ ಬೆಂಚಿನ ಒಬ್ಬ ಹುಡುಗಿ, "ಮಿಸ್, ಜೀವನಚಕ್ರ. ನಮ್ಮನೆ ಹುಳದ್ದು ಮಾಡ್ತೀವಿ" ಎಂದಳು.

ಅವಳು ಬಾಯಿ ಬಿಟ್ಟದ್ದೇ ನನಗೆ ಆಶ್ಚರ್ಯ. ಮೊದಲ ಪಿರಿಯಡ್ಡಿನಲ್ಲಿ ತೂಕಡಿಸುವ ಹುಡುಗಿ. ಅದಕ್ಕಾಗಿ ಒಮ್ಮೆ ಅರ್ಧ ಗಂಟೆ ನಿಲ್ಲಿಸಿದ್ದೆ ಕೂಡ. ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಬೆಳಕು ಹರಿಯುವ ಮೊದಲೇ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕಿ ಬರುತ್ತಾಳೆ ಎಂದು ನನಗೆ ತಿಳಿದದ್ದು ಈ ಚಿತ್ರದ ಕೆಲಸ ಶುರುವಾದ ಮೇಲೆ.

ಕೆಲಸ ಶುರುವಾದದ್ದೇ ಜಗಳದಿಂದ. ಜೇಡಿಮಣ್ಣಿನ ಹುಳು ಮಾಡಿ, ನಿಜವಾದ ಸೊಪ್ಪಿನ ಮೇಲೆ ಇಟ್ಟು, ಟ್ಯಾಬನ್ನು ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಹುಳು ಮೇಯುತ್ತಾ ಹೋಗಬೇಕು. ಹುಡುಗಿ ತಡೆದಳು.

"ಇಲ್ಲಿ ನಿಲ್ಸು. ಇವಾಗ ಜ್ವರ."

"ಜ್ವರ ಅಲ್ಲಮ್ಮ, ಪೊರೆ ಕಳಚೋದು" ಎಂದೆ ನಾನು, ಪುಸ್ತಕದ ಮಾತನ್ನು.

"ಪೊರೆ ಆಮೇಲೆ ಮಿಸ್. ಮೊದ್ಲು ಮೇವು ಬಿಟ್ಬುಡ್ತದೆ. ತಲೆ ಎತ್ಕಂಡು ಒಂದಿನ ಹಂಗೇ ನಿಂತ್ಕತದೆ. ಮುಟ್ಟಿದ್ರೂ ಅಲ್ಲಾಡಲ್ಲ. ಆವಾಗ ಸೊಪ್ಪು ಹಾಕ್ಬಾರ್ದು. ಅದುಕ್ಕೇ ಜ್ವರ ಅನ್ನೋದು."

ಮಣ್ಣಿನ ಹುಳುಗಳ ತಲೆಯನ್ನು ಅವಳು ಒಂದೊಂದಾಗಿ ಬೆರಳ ತುದಿಯಿಂದ ಮೇಲೆತ್ತಿ ನಿಲ್ಲಿಸಿದಳು. ಅದೇ ಭಂಗಿಯಲ್ಲಿ ಹನ್ನೆರಡು ಫೋಟೊ ತೆಗೆಸಿದಳು, ಒಂದಿಷ್ಟೂ ಸರಿಸದೆ. ಓಡಿಸಿ ನೋಡಿದಾಗ, ಎಲ್ಲ ಹುಳುಗಳೂ ಮೇಯುತ್ತಾ ಮೇಯುತ್ತಾ ಒಮ್ಮೆಗೇ ತಲೆಯೆತ್ತಿ ಸ್ತಬ್ಧವಾದವು. ಜೀವನಚಕ್ರದ ಪಾಠವನ್ನು ನಾನು ಅಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ.

ಐದು ಪಿರಿಯಡ್ಡು ಹಿಡಿಯಿತು. ನಾಲ್ಕನೇ ಜ್ವರ ಎದ್ದ ಹುಳು ಮೇಯುವಾಗ ಮಳೆ ಬಂದಂಥ ಸದ್ದು ಬರುತ್ತದೆ ಎಂದು ಆ ಸದ್ದನ್ನು ಅವಳ ಮನೆಯಿಂದಲೇ ಧ್ವನಿಮುದ್ರಿಸಿ ತಂದರು. ಗೂಡು ಕಟ್ಟಲು ಹಣ್ಣಾದ ಹುಳುವಿನ ಮೈ ಬೆಳಕಿಗೆ ಹಿಡಿದರೆ ಒಳಗಿನಿಂದ ಹೊಳೆಯುತ್ತದೆಂದು ಮಣ್ಣಿನ ಬದಲು ಮೇಣ ತಂದು ಮಾಡಿದರು. ಹುಳುಗಳನ್ನು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ ಬಿಟ್ಟರು, ಅವು ಗೂಡು ಕಟ್ಟಿದವು, ಗೂಡನ್ನು ಬಿಡಿಸಿ ಚೀಲಕ್ಕೆ ತುಂಬಿದರು. ರಟ್ಟಿನ ಆಟೊ ಒಂದು ಚೀಲ ಹೊತ್ತು ಹೊಸೂರಿನ ಗೂಡಿನ ಮಾರುಕಟ್ಟೆಯ ಕಡೆ ಹೊರಟಿತು. ಅಲ್ಲಿಗೆ ಹುಡುಗಿಯ ದನಿ, "ಇಲ್ಲಿಗೆ ರೇಷ್ಮೆ ಹುಳುವಿನ ಜೀವನಚಕ್ರ ಮುಗಿಯಿತು" ಎಂದಿತು.

ಹೆಡ್‌ಮಾಸ್ಟರು ಕನ್ನಡಕ ಏರಿಸಿಕೊಂಡು ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ ಕೇಳಿದರು. "ಚಿಟ್ಟೆ ಎಲ್ಲಿ? ಶುರುವಲ್ಲಿ ಮೊಟ್ಟೆನೂ ಇಲ್ವಲ್ಲ?"

ಹುಡುಗಿ ಹೇಳಿದಳು. "ಮೊಟ್ಟೆ ನಮ್ಮನೇಗೆ ಬರಲ್ಲ ಸಾರ್. ಮೊಟ್ಟೆ ಒಡ್ಸೋ ಚಾಕಿ ಸೆಂಟರಿಂದ ವ್ಯಾನಲ್ಲಿ ಮರಿ ಹುಳನೇ ತಂದ್ಕೊಡ್ತಾರೆ. ಎರಡು ಜ್ವರ ಅಲ್ಲೇ ಆಗೋಗಿರ್ತದೆ."

"ಚಿಟ್ಟೆ?"

"ಚಿಟ್ಟೆ ಬರೋಗಂಟ ಯಾರು ಮಡಿಕ್ಕಂತಾರೆ ಸಾರ್? ಗೂಡು ಮಾರ್ಕೆಟ್ಗೆ ಹೋಯ್ತದೆ. ನಾವು ನೋಡಿಲ್ಲ."

ಊರಿನ ಅರ್ಧ ಮನೆಗಳಲ್ಲಿ ಹುಳು ಸಾಕುತ್ತಾರೆ. ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ ಎಂದು ನಾಲ್ಕು ಹಂತಗಳನ್ನು ಹದಿನೆಂಟು ವರ್ಷ ಈ ಮಕ್ಕಳಿಗೆ, ಇವರ ಅಕ್ಕಂದಿರಿಗೆ, ಅಣ್ಣಂದಿರಿಗೆ ನಾನು ಬಾಯಿಪಾಠ ಮಾಡಿಸಿದ್ದೇನೆ. ಅವರು ತಪ್ಪಿಲ್ಲದೆ ಬರೆದು ಪಾಸಾಗಿದ್ದಾರೆ. ಅವರಲ್ಲಿ ಒಬ್ಬರೂ ಆ ಚಿಟ್ಟೆಯನ್ನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

"ಅದಕ್ಕೇನಮ್ಮ, ನೆಟ್ಟಿಂದ ಎರಡು ಚಿತ್ರ ಡೌನ್‌ಲೋಡ್ ಮಾಡಿ ಹಿಂದೊಂದು ಮುಂದೊಂದು ಅಂಟಿಸ್ಬುಡಿ" ಎಂದರು ಹೆಡ್‌ಮಾಸ್ಟರು. ಹೊಸೂರಿನಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ಕಳಿಸಲು ಅವರಿಗೆ ಒಂದು ವೀಡಿಯೊ ಬೇಕಾಗಿತ್ತು.

"ಅಂಟಿಸಲ್ಲ ಸಾರ್."

"ಯಾಕೆ?"

"ನೋಡದೇ ಇರೋದನ್ನ ನೋಡಿದೀವಿ ಅಂತ ಯಾಕೆ ಹೇಳಿಸಬೇಕು? ಇದು ಹೀಗೇ ಹೋಗಲಿ."

ಹೀಗೇ ಹೋಯಿತು. ಪ್ರದರ್ಶನದ ಸಭಾಂಗಣದಲ್ಲಿ ನಮ್ಮ ಮೇಜಿನ ಎಡಬದಿಗೆ ಥರ್ಮೊಕೋಲ್ ಕಿಡ್ನಿ, ಬಲಬದಿಗೆ ಮಿನುಗುವ ಸೌರವ್ಯೂಹ. ಯಾರೋ ದುಡ್ಡು ಕೊಟ್ಟು ಸ್ಟುಡಿಯೊದಲ್ಲಿ ಮಾಡಿಸಿದ ವೀಡಿಯೊ ಕೂಡ ಇತ್ತು, ಅದರ ಮುಂದೆ ನಿಂತ ಮಕ್ಕಳು ಗಿಳಿಗಳ ಹಾಗೆ ಒಪ್ಪಿಸುತ್ತಿದ್ದರು. ತೀರ್ಪುಗಾರರು ಮೂವರು. ನಮ್ಮ ಚಿತ್ರವನ್ನು ಪೂರ್ತಿ ನೋಡಿ, ಅವರಲ್ಲಿ ಹಿರಿಯರು ತಮಿಳಿನಲ್ಲಿ ಕೇಳಿದರು. "ಮುಟ್ಟೈ ಎಂಗೆ? ಪೂಚ್ಚಿ ಎಂಗೆ?" ಮೊಟ್ಟೆ ಎಲ್ಲಿ, ಚಿಟ್ಟೆ ಎಲ್ಲಿ ಎಂದು.

"ನಾಂಗ ಪಾತ್ತದಿಲ್ಲೆ ಸಾರ್" ಎಂದಳು ಹುಡುಗಿ. ನಾವು ನೋಡಿಲ್ಲ.

ಪುಸ್ತಕದಲ್ಲಿ ಇದೆಯಲ್ಲ ಎಂದರು ಅವರು.

ಅವಳು ಸಿಟ್ಟು ಬಂದಾಗ ಕನ್ನಡಕ್ಕೆ ಇಳಿಯುತ್ತಾಳೆ. "ಪುಸ್ತಕದಲ್ಲಿ ಅದೆ ಸಾರ್. ನಮ್ಮನೇಲಿ ಇಲ್ಲ."

ಅವರಿಗೆ ಅರ್ಥವಾಯಿತೋ ಇಲ್ಲವೋ. ನನ್ನ ಕಡೆ ತಿರುಗಿ, ನಾಲ್ಕು ಹಂತ ಇರಬೇಕಾದಲ್ಲಿ ಎರಡೇ ತೋರಿಸಿದ್ದೀರಿ, ಇದು ಪಾಠಕ್ಕೆ ವಿರುದ್ಧ, ಮಕ್ಕಳಿಗೆ ತಪ್ಪು ಕಲಿಸುತ್ತಿದ್ದೀರಿ ಎಂದು ನಿಧಾನವಾಗಿ, ದಡ್ಡರಿಗೆ ಹೇಳುವಂತೆ ಹೇಳಿ ಸೌರವ್ಯೂಹದ ಕಡೆ ನಡೆದರು. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಅಳುತ್ತಾಳೇನೋ ಎಂದುಕೊಂಡೆ. ಅಳಲಿಲ್ಲ, ಕಿಟಕಿಯ ಕಂಬಿ ಹಿಡಿದು ಹಲ್ಲು ಕಚ್ಚಿ ಕೂತಿದ್ದಳು. ಇಳಿಯುವಾಗ ಕೇಳಿದಳು. "ಮಿಸ್, ಗೂಡು ಮಾರ್ದೆ ಮಡಿಕ್ಕಂಡ್ರೆ ಎಷ್ಟ್ ದಿನಕ್ಕೆ ಬತ್ತದೆ ಚಿಟ್ಟೆ?"

"ಗೊತ್ತಿಲ್ಲಮ್ಮ" ಎಂದೆ. ಹಾಗೆ ಹೇಳಲು ನನಗೆ ನಾಚಿಕೆಯಾಗಲಿಲ್ಲ. ಇಷ್ಟು ವರ್ಷ ಹಾಗೆ ಹೇಳದೇ ಇದ್ದದ್ದಕ್ಕೆ ಆಯಿತು.

ಮುಂದಿನ ವಾರ ಶಿಕ್ಷಣ ಕಚೇರಿಯಿಂದ ಮೆಮೊ ಬಂತು. ಪಠ್ಯಕ್ಕೆ ವಿರುದ್ಧವಾದ ವಿಷಯ ಪ್ರದರ್ಶಿಸಿದ್ದು, ಅನುಮತಿಯಿಲ್ಲದೆ ಸರ್ಕಾರಿ ಟ್ಯಾಬನ್ನು ಮಕ್ಕಳಿಗೆ ಕೊಟ್ಟದ್ದು, ಒಂದೇ ಪಾಠಕ್ಕೆ ಐದು ಪಿರಿಯಡ್ಡು ಕಳೆದದ್ದು. ಮೂರಕ್ಕೂ ವಿವರಣೆ ಕೊಡಿ ಎಂದು ತಮಿಳಿನಲ್ಲಿ ಬರೆದಿತ್ತು. ಹೆಡ್‌ಮಾಸ್ಟರು ಅದನ್ನು ನನ್ನ ಕೈಗೆ ಕೊಟ್ಟು, ಟ್ಯಾಬನ್ನು ಬೀರುವಿಗೆ ಹಾಕಿ ಬೀಗ ತಿರುಗಿಸಿದರು.

ನಾನು ಉತ್ತರವನ್ನು ಕನ್ನಡದಲ್ಲಿ ಬರೆದೆ. ಎರಡು ಪುಟ.

"ಅವ್ರಿಗೆ ಓದೋಕೆ ಬರಲ್ಲಮ್ಮ" ಎಂದರು ಹೆಡ್‌ಮಾಸ್ಟರು.

"ಓದಿಸ್ಕೊಳ್ಳಲಿ ಸಾರ್. ಕನ್ನಡ ಮಾಧ್ಯಮದ ಶಾಲೆ ಅಲ್ವಾ ಇದು?"

"ನಿಮ್ಗೆ ತಮಿಳು ನನ್ಗಿಂತ ಚೆನ್ನಾಗಿ ಬತ್ತದೆ."

"ಬರುತ್ತೆ. ಬರೆಯಲ್ಲ."

ಅದು ಹಟವೇ. ಒಪ್ಪುತ್ತೇನೆ. ಆ ಹಟದಿಂದ ಉತ್ತರ ಮೇಜಿನಿಂದ ಮೇಜಿಗೆ ಅಲೆದು ವಿಷಯ ಎರಡು ತಿಂಗಳು ಎಳೆಯಿತು. ಆದರೆ ಆ ಎರಡು ತಿಂಗಳು ನಮಗೆ ಬೇಕಾಗಿತ್ತು.

ಒಂದು ಭಾನುವಾರ ಹುಡುಗಿಯ ಮನೆಗೆ ಹೋದೆ. ಅಂಗಳದಲ್ಲಿ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು, ಅವುಗಳ ತುಂಬ ಬಿಳಿ ಗೂಡು. ಅವಳ ಅಪ್ಪ ಗೂಡು ಬಿಡಿಸುತ್ತಾ ಕೂತಿದ್ದರು. ಅಮ್ಮ ಹೊಸೂರಿನ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಲೈನ್ ಕೆಲಸ ಮಾಡುವಾಕೆ, ಅವತ್ತು ರಜೆ. ನನಗೆ ಇಪ್ಪತ್ತು ಗೂಡು ಬೇಕು, ಅವು ಒಡೆದು ಚಿಟ್ಟೆ ಬರುವವರೆಗೂ ಶಾಲೆಯಲ್ಲಿ ಇಡುತ್ತೇವೆ ಎಂದೆ.

ಅಪ್ಪ ನಕ್ಕುಬಿಟ್ಟರು. "ಚಿಟ್ಟೆ ಬಂದ್ರೆ ಗೂಡು ತೂತು ಕಣಮ್ಮ. ಎಳೆ ತುಂಡಾಗೋಯ್ತದೆ. ನಾವು ಹುಳ ಸಾಕೋದು ಮಾರಕ್ಕೆ, ನೋಡಕ್ಕಲ್ಲ."

"ನೀನು ನೋಡಿದೀಯಾ?" ಎಂದಳು ಅವಳ ಅಮ್ಮ, ಗಂಡನಿಗೆ.

"ನಾನ್ಯಾಕೆ ನೋಡ್ಲಿ?"

"ಹದಿನೈದು ವರ್ಷ ಆಯ್ತು ನಾನು ಈ ಮನೇಗೆ ಬಂದು. ಸೊಪ್ಪು ಕುಯ್ದಿದೀನಿ, ಹಣ್ಣು ಹುಳ ಆರ್ಸಿದೀನಿ, ಬೆರಳು ಬೊಬ್ಬೆ ಬರೋಗಂಟ ಗೂಡು ಬಿಡ್ಸಿದೀನಿ. ಕೊನೇಗೆ ಅದೇನಾಯ್ತದೆ ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಮಗ್ಳು ಎಲ್ಲಾ ಹೇಳ್ದಳು ಮಿಸ್. ಅಲ್ಲಿ ರಿಜೆಕ್ಟ್ ಮಾಡ್ಬುಟ್ರಂತೆ. ನಮ್ ಲೈನಲ್ಲಿ ಬೋರ್ಡು ರಿಜೆಕ್ಟ್ ಆದ್ರೆ ಬಿಸಾಕಲ್ಲ. ಎಲ್ಲಿ ತಪ್ಪು ಅಂತ ಚೀಟಿ ಬರ್ದು ರೀವರ್ಕ್‌ಗೆ ಕಳಿಸ್ತಾರೆ. ಇವಳೂ ರೀವರ್ಕ್ ಮಾಡ್ಲಿ ಬಿಡಿ."

ಗಂಡನ ಮುಂದಿದ್ದ ರಾಶಿಗೆ ಕೈ ಹಾಕಿ ಎರಡು ಬೊಗಸೆ ಗೂಡನ್ನು ನನ್ನ ಚೀಲಕ್ಕೆ ಸುರಿದಳು. ಎಣಿಸಲಿಲ್ಲ. ಅವರು "ಅಯ್ಯಯ್ಯೋ" ಎಂದರು, ತಡೆಯಲಿಲ್ಲ.

ಗೂಡುಗಳನ್ನು ಒಂದು ಮೊರದಲ್ಲಿ ಹರಡಿ ತರಗತಿಯ ಕಿಟಕಿಯ ಪಕ್ಕ ಇಟ್ಟೆವು. ಟ್ಯಾಬ್ ಇಲ್ಲ. ನನ್ನ ಮೊಬೈಲ್ ಇತ್ತು. ತರಗತಿಗೆ ಮೊಬೈಲ್ ತರಬಾರದು ಎಂಬ ನಿಯಮ ಗೋಡೆಯ ಮೇಲೆಯೇ ಇತ್ತು. ಕದ್ದು ಬಳಸಲು ನನಗೆ ಮನಸ್ಸಾಗಲಿಲ್ಲ. ಪ್ರತಿದಿನ ಬೆಳಿಗ್ಗೆ ಪಾಠದ ದಿನಚರಿಯಲ್ಲಿ, "ಇಂದು ನನ್ನ ಸ್ವಂತ ಮೊಬೈಲನ್ನು ಎಂಟನೇ ತರಗತಿಯ ವಿಜ್ಞಾನದ ವೀಕ್ಷಣೆಗೆ ಬಳಸುತ್ತಿದ್ದೇನೆ" ಎಂದು ಬರೆದು ಸಹಿ ಹಾಕಿದೆ. ಹೆಡ್‌ಮಾಸ್ಟರು ಆ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು, ಅದನ್ನು ಹಾಕಿಕೊಳ್ಳುವ ಮೊದಲೇ ತಮ್ಮ ಸಹಿ ಮಾಡುತ್ತಿದ್ದರು.

ಮಕ್ಕಳು ಗಂಟೆಗೊಂದು ಫೋಟೊ ತೆಗೆದರು. ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಶಾಲೆಗೆ ಬಂದು ನೋಡಿದರೆ ಒಂದು ಗೂಡಿಗೆ ತೂತು, ಪಕ್ಕದಲ್ಲಿ ಬಿಳಿಯ ಚಿಟ್ಟೆ ಆಗಲೇ ಒಣಗಿ ಕೂತಿತ್ತು. ಹುಡುಗಿ ತಲೆ ಚಚ್ಚಿಕೊಂಡಳು. "ನಾವು ಬರಾಕ್ ಮುಂಚೇನೇ ಬಂದ್ಬುಟ್ಟದೆ ಮಿಸ್! ಬರೋದು ನೋಡ್ಬೇಕಿತ್ತು, ಬಂದಿರೋದಲ್ಲ."

ಮರುದಿನ ಮೊದಲ ಬಸ್ಸಿಗೆ ಹೊರಟೆ. ಸಣ್ಣ ಮಕ್ಕಳಿಗೆ ಬೆಳಗಿನ ತಿಂಡಿ ಮಾಡುವಾಕೆ ಬೇಗ ಬಂದು ಬೀಗ ತೆಗೆಯುತ್ತಾಳೆ, ಅವಳು ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಒಂಬತ್ತು ಮಕ್ಕಳು ಮೊರದ ಸುತ್ತ ಕೂತಿದ್ದರು. ಒಂದು ಗೂಡಿನ ತುದಿ ಒದ್ದೆಯಾಗತೊಡಗಿತು. ಯಾರೂ ನೀರು ಹಾಕಿರಲಿಲ್ಲ. ಒಳಗಿನಿಂದಲೇ ಒದ್ದೆ. ಹುಡುಗಿ ಫೋಟೊ ತೆಗೆದಳು, ಮತ್ತೊಂದು, ಮತ್ತೊಂದು. ಎಳೆಗಳು ಸಡಿಲವಾದವು. ಪುಟ್ಟ ತಲೆಯೊಂದು ಹೊರಗೆ ಬಂತು, ಮುದ್ದೆಯಾದ ಮೈ ಬಂತು, ಒದ್ದೆ ಬಟ್ಟೆಯ ಚೂರಿನಂಥ ರೆಕ್ಕೆ ಬಂತು. ಆ ರೆಕ್ಕೆ ಬಿಚ್ಚಿ ಒಣಗುವವರೆಗೆ ಅಡುಗೆಯಾಕೆಯೂ ಸೌಟು ಹಿಡಿದು ಅಲ್ಲೇ ನಿಂತಿದ್ದಳು.

ಆ ಹೊತ್ತಿಗೆ ಹುಡುಗಿಯ ಅಮ್ಮ ಬಂದಳು. ರಾತ್ರಿ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಶಾಲೆಗೆ ಬಂದಿದ್ದಳು. ಕೊರಳಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಮೊರದ ಮೇಲೆ ಬಗ್ಗಿ ನೋಡಿದಳು.

"ಇದೇನಾ?" ಎಂದಳು. "ಇಷ್ಟೇನಾ? ಇಷ್ಟು ಬೆಳ್ಳಗಾ?"

ಚಿಟ್ಟೆ ಹಾರಲಿಲ್ಲ. ರೆಕ್ಕೆಯನ್ನು ಪಟಪಟ ಬಡಿಯುತ್ತಾ ಇದ್ದಲ್ಲೇ ಸುತ್ತಿತು. ಸೊಪ್ಪು ಕೊಟ್ಟರು, ತಿನ್ನಲಿಲ್ಲ. ಎತ್ತಿ ಕೈಮೇಲೆ ಬಿಟ್ಟರು, ಹಾರಲಿಲ್ಲ. ಒಬ್ಬ ಹುಡುಗ ಪಕ್ಕದವನಿಗೆ ಕೇಳಿದ. "ಹಾರಕ್ಕೆ ಬರ್ದಿದ್ರೆ ರೆಕ್ಕೆ ಯಾಕ್ಲಾ?"

ಎಲ್ಲರೂ ನನ್ನ ಕಡೆ ನೋಡಿದರು.

ನಾನು ಹದಿನೆಂಟು ವರ್ಷ ಆ ಪಾಠದ ಕೊನೆಗೆ, "ಚಿಟ್ಟೆ ಗೂಡನ್ನು ಸೀಳಿಕೊಂಡು ಹಾರಿಹೋಗುತ್ತದೆ" ಎಂದು ಹೇಳಿ, ಎರಡೂ ಕೈ ಅಗಲಿಸಿ ಹಾರುವಂತೆ ತೋರಿಸುತ್ತಿದ್ದೆ. ಪುಸ್ತಕದಲ್ಲೂ ಹಾಗಿರಲಿಲ್ಲ. ಅದು ನನ್ನದೇ ಸೇರಿಕೆ, ಚೆಂದಕ್ಕೆ. ಸೀಳಲೂ ಇಲ್ಲ ಅದು, ಒದ್ದೆ ಮಾಡಿ ಸಡಿಲಿಸಿಕೊಂಡು ಬಂತು. ಹಾರಲಂತೂ ಇಲ್ಲ.

ಎರಡನೆಯ ಚಿತ್ರದಲ್ಲಿ ಮಕ್ಕಳು ಮೊದಲನೆಯದನ್ನು ಅಳಿಸಲಿಲ್ಲ. ರಟ್ಟಿನ ಆಟೊ ಮಾರುಕಟ್ಟೆಗೆ ಹೊರಟಲ್ಲಿ ನಿಲ್ಲಿಸಿ, "ನಾವು ಹೋದ ಸಲ ಇಲ್ಲಿಗೆ ಮುಗೀತು ಅಂದಿದ್ವಿ. ಮುಗಿದಿರಲಿಲ್ಲ. ನಾವು ನೋಡಿರಲಿಲ್ಲ, ಅಷ್ಟೆ" ಎಂದು ಮುಂದುವರಿಸಿದರು. ಒದ್ದೆಯಾಗುವ ಗೂಡು, ಹೊರಬರುವ ಚಿಟ್ಟೆ, ಜೋಡಿಯಾದ ಚಿಟ್ಟೆಗಳು, ಹಾಳೆಯ ಮೇಲೆ ಸಾಸಿವೆಯಂಥ ಮೊಟ್ಟೆಗಳು. ಮಧ್ಯೆ ನನ್ನ ದನಿಯೂ ಬೇಕು ಎಂದರು. ನಾನು ಹೇಳಿದೆ. "ಚಿಟ್ಟೆ ಹಾರಿಹೋಗುತ್ತದೆ ಎಂದು ನಾನು ನಿಮಗೆ ಹೇಳಿದ್ದೆ. ಅದು ತಪ್ಪು. ನೋಡದೆ ಹೇಳಿದ್ದೆ." ಆಮೇಲೆ ಆ ಹುಡುಗನ ಪ್ರಶ್ನೆ, ಉತ್ತರವಿಲ್ಲದೆ. ಕೊನೆಗೆ ಹುಡುಗಿಯ ದನಿ. "ಮೊಟ್ಟೆ ಬೂದಿ ಬಣ್ಣಕ್ಕೆ ತಿರುಗಿದೆ. ಇವತ್ತಿಗೆ ಇಪ್ಪತ್ತು ದಿನ. ಇನ್ನೂ ಒಡೆದಿಲ್ಲ. ಯಾಕೆ ಅಂತ ಗೊತ್ತಿಲ್ಲ, ವಿಚಾರಿಸ್ತಾ ಇದ್ದೀವಿ."

"ಟೀಚರೇ ತಪ್ಪು ಹೇಳಿದ್ರು ಅಂತ ವೀಡಿಯೋದಲ್ಲಿ ಇರ್ಬೇಕೇನಮ್ಮ?" ಎಂದರು ಹೆಡ್‌ಮಾಸ್ಟರು ಸಂಕಟದಿಂದ.

"ಇರ್ಲಿ ಸಾರ್. ತಪ್ಪಂತೂ ಆಗಿದೆಯಲ್ಲ."

ಮೆಮೊದ ವಿಚಾರಣೆಗೆ ಕರೆ ಬಂತು. ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನ್ನ ಕನ್ನಡದ ಉತ್ತರವನ್ನು ಗುಮಾಸ್ತನೊಬ್ಬ ಅಡ್ಡಡ್ಡ ಓದಿ ತಮಿಳಿನಲ್ಲಿ ಹೇಳಿದ್ದನಂತೆ. ನಾನು ಕೇಳದೆಯೇ ಮೊಬೈಲ್ ತೆಗೆದು ಚಿತ್ರ ಹಚ್ಚಿ ಅವರ ಮುಂದೆ ಇಟ್ಟೆ. ಕೊನೆಯವರೆಗೂ ನೋಡಿದರು. ಗೂಡು ಒದ್ದೆಯಾಗುವಲ್ಲಿ ಸ್ವಲ್ಪ ಮುಂದಕ್ಕೆ ಬಗ್ಗಿದರು ಕೂಡ.

"ನಲ್ಲಾ ಇರುಕ್ಕು ಮೇಡಂ" ಎಂದರು. ಚೆನ್ನಾಗಿದೆ. "ಆನಾ ಪರ್ಮಿಷನ್?"

ಆದರೆ ಅನುಮತಿ ಎಲ್ಲಿ? ಚೆನ್ನಾಗಿರುವುದಕ್ಕೂ ಅನುಮತಿಗೂ ಸಂಬಂಧವಿಲ್ಲ ಎಂದು ಅವರು ಸಮಾಧಾನವಾಗಿಯೇ ವಿವರಿಸಿದರು. ನನ್ನ ಹೆಸರಿಗೆ ಒಂದು ಎಚ್ಚರಿಕೆ ಬರೆದರು. ಮುಂದೆ ಹೀಗೆ ಮಾಡಬಾರದು ಎಂದು ಎರಡು ಸಾಲು. ಓದಿ ಸಹಿ ಹಾಕಿ ಎಂದರು. ಓದಿದೆ, ಸಹಿ ಹಾಕಿದೆ. ಅದರ ಕೆಳಗೇ, "ಮುಂದೆಯೂ ಮಾಡಲು ಅನುಮತಿ ಕೋರುತ್ತೇನೆ" ಎಂದು ಬರೆದೆ.

"ಇಲ್ಲಿ ಬರೆಯೋಹಾಗಿಲ್ಲ ಮೇಡಂ" ಎಂದ ಗುಮಾಸ್ತ.

"ಬರೆದಾಯ್ತಲ್ಲಪ್ಪ" ಎಂದೆ.

ಅನುಮತಿ ಇವತ್ತಿನವರೆಗೂ ಬಂದಿಲ್ಲ, ಬೇಡ ಎಂದೂ ಬಂದಿಲ್ಲ. ತಿಂಗಳಿಗೊಂದು ನೆನಪೋಲೆ ಕಳಿಸುತ್ತೇನೆ, ಕನ್ನಡದಲ್ಲಿಯೇ. ಟ್ಯಾಬ್ ಬೀರುವಿನಲ್ಲೇ ಇದೆ. ನನ್ನ ಮೊಬೈಲಿನ ಗಾಜಿಗೆ ಎರಡು ಬಿರುಕು ಬಿದ್ದಿವೆ, ಒಂದು ಸನ್ನೆಕೋಲಿನ ಗುಂಪಿನದು. ಈ ವರ್ಷದ ಎಂಟನೇ ತರಗತಿಯವರು ಟೊಮೇಟೊ ಹೂವು ಯಾಕೆ ಉದುರುತ್ತದೆ ಎಂದು ಚಿತ್ರ ಮಾಡುತ್ತಾ, ಎರಡು ಬಣವಾಗಿ, ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ಸಹೋದ್ಯೋಗಿಗಳು, ನಿಮ್ಮ ತರಗತಿಯಲ್ಲಿ ಬರೀ ಗಲಾಟೆ ಎನ್ನುತ್ತಾರೆ. ಹೌದು, ಗಲಾಟೆ. ಆ ಗಲಾಟೆಗಾಗಿಯೇ ನಾನು ಎರಡು ಬಸ್ಸು ಹತ್ತಿ ಬರುವುದು.

ಹುಡುಗಿ ಈಗ ಬೇರೆ ಊರಿನ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿ. ಮೊನ್ನೆ ಸಂಜೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಪರೀಕ್ಷೆಯಲ್ಲಿ ಜೀವನಚಕ್ರದ ಪ್ರಶ್ನೆ ಬಂದಿತ್ತಂತೆ. ನಾಲ್ಕು ಹಂತವನ್ನೂ ಬರೆದು, ಚಿತ್ರ ಬಿಡಿಸಿ, ಕೆಳಗೆ ತಾನೇ ಒಂದು ಸಾಲು ಸೇರಿಸಿದ್ದಳು. ರೇಷ್ಮೆ ಚಿಟ್ಟೆಗೆ ರೆಕ್ಕೆ ಇದ್ದರೂ ಅದು ಹಾರುವುದಿಲ್ಲ ಎಂದು.

"ಆ ಸಾಲ್ಗೆ ಕೆಂಪು ಗೀಟು ಹೊಡ್ದವ್ರೆ ಮಿಸ್."

"ಏನು ಮಾಡ್ದೆ?"

"ಅಮ್ಮನ ಫೋನ್ ತಕ್ಕಂಡೋಗಿ ವೀಡಿಯೊ ತೋರ್ಸೋಕೆ ಹೋದ್ನಿ. ಫೋನ್ ತರ್ಬಾರ್ದು ಅಂತ ಬೈದು ಕಳಿಸುದ್ರು."

"ಆಮೇಲೆ?"

ಅವಳ ಬಸ್ಸು ಬಂತು. ಹತ್ತುತ್ತಾ ತಿರುಗಿ ಕೂಗಿದಳು.

"ಸೋಮ್ವಾರ ಗೂಡೇ ತಕ್ಕಂಡೋಯ್ತೀನಿ ಮಿಸ್. ಅದುನ್ನ ತರ್ಬಾರ್ದು ಅಂತ ಎಲ್ಲೂ ಬರ್ದಿಲ್ಲ."